ಮಾರಿಕಣಿವೆಯನ್ನು ಸಾಕ್ಷಿಗೆ ಕರೆದು ಸೋತೆ

2023ರ ಆಗಸ್ಟ್ ಕೊನೆಯಲ್ಲಿ ಹಿರಿಯೂರು ತಾಲ್ಲೂಕಿನ ಹಳ್ಳಿಯೊಂದರ ಸಮುದಾಯ ಭವನದಲ್ಲಿ ಹವಾಮಾನ ಬದಲಾವಣೆ ಕುರಿತು ನಡೆಸಿದ ರೈತರ ತರಬೇತಿ ನೆನಪಾದರೆ ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ. ಮೇಲಿನ ಕಚೇರಿ ಕಳುಹಿಸಿದ್ದ ಪಿಪಿಟಿಯಲ್ಲಿ ಹಿಮಕರಡಿಯ ಚಿತ್ರವಿತ್ತು. ಒಣಗುತ್ತಿದ್ದ ಶೇಂಗಾ ಹೊಲಗಳಿಂದ ಎದ್ದು ಬಂದವರಿಗೆ ಅದನ್ನು ತೋರಿಸಲು ಮನಸ್ಸಾಗದೆ ನಾನು ಮಾರಿಕಣಿವೆ ಎಂದೇ ಕರೆಯುವ ವಾಣಿ ವಿಲಾಸ ಸಾಗರ ಜಲಾಶಯದ ಮಾತೆತ್ತಿದೆ. 1933ರ ನಂತರ 89 ವರ್ಷ ಕೋಡಿ ಬೀಳದ ಮಾರಿಕಣಿವೆ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿದ್ದದ್ದು ಮನುಷ್ಯ ಸುಟ್ಟ ಇಂಧನದಿಂದಲೇ ಎಂದು ಖಚಿತವಾಗಿ ಹೇಳಿಬಿಟ್ಟೆ.

ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತರು. “ಮೇಡಂ, ಹೋದ ವರ್ಷ ಕೋಡಿ ಬಿತ್ತು, ಹವಾಮಾನ ಬದಲಾವಣೆ ಅಂತೀರಿ. ಈ ವರ್ಷ ಮಳೆ ಕೈಕೊಡ್ತು, ಅದಕ್ಕೂ ಅದೇ ಅಂತೀರಿ. 1933ರಲ್ಲಿ ನಮ್ಮೂರಲ್ಲಿ ಯಾರ ಕಾರು ಓಡ್ತಿತ್ತು? ಭದ್ರಾದಿಂದ ಬಿಟ್ಟ ನೀರಿನ ಲೆಕ್ಕ ಎಲ್ಲಿ ಹೋಯ್ತು?”

ಪ್ರೊಜೆಕ್ಟರಿನ ಗುಂಯ್ ಸದ್ದೊಂದೇ ಉಳಿಯಿತು. ಭದ್ರಾ ಜಲಾಶಯದಿಂದ ಮಾರಿಕಣಿವೆಗೆ ಹರಿಸಿದ್ದ ನೀರನ್ನು ನಾನು ಮರೆತಿದ್ದೆ. ಆಗಲೇ ಅದನ್ನು ಒಪ್ಪಿಕೊಂಡಿದ್ದರೆ ಮಾತು ಮುಂದುವರಿಯುತ್ತಿತ್ತು. ಬದಲಿಗೆ, “ವಿಜ್ಞಾನಿಗಳು ಹೇಳಿದ್ದಾರೆ ಯಜಮಾನ್ರೆ, ನಂಬಬೇಕು” ಎಂದೆ. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರನಡೆದರು, ಅವರ ಹಿಂದೆ ಅರ್ಧ ಸಭೆಯೂ ಎದ್ದಿತು. ಹಾಜರಾತಿ ಸಹಿ, ಜಿಪಿಎಸ್ ಫೋಟೊ ಮೊದಲೇ ಆಗಿದ್ದವು. ತಿಂಗಳ ಪ್ರಗತಿ ವರದಿಯಲ್ಲಿ (ಎಂಪಿಆರ್) ಅದು ಯಶಸ್ವಿ ತರಬೇತಿ ಎಂದೇ ದಾಖಲಾಯಿತು. ಎಷ್ಟು ಜನ ಬಂದರೆಂಬ ಕಲಮು ಅದರಲ್ಲಿದೆ, ಎಷ್ಟು ಜನ ಎದ್ದು ಹೋದರೆಂಬ ಕಲಮು ಇಂದಿಗೂ ಇಲ್ಲ.

ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯಾದ ಆ ಆಗಸ್ಟ್‌ನ ಹಿಂದೆ, ಪೆಸಿಫಿಕ್ ಸಾಗರದ ನೀರು ಬೆಚ್ಚಗಾಗಿ ನಮ್ಮ ಮಳೆ ತಗ್ಗಿಸುವ ಎಲ್ ನಿನೊ ಕೂಡ ಇತ್ತು. ಒಂದು ಜಲಾಶಯವನ್ನೋ ಒಂದು ಬರವನ್ನೋ ನೆಚ್ಚಿ ಇಷ್ಟು ದೊಡ್ಡ ಮಾತನ್ನು ಹೇಳಬಾರದಿತ್ತು. ಗಟ್ಟಿ ಸಾಕ್ಷ್ಯ ಗಾಳಿಯಲ್ಲೇ ಇದೆ. ಕೈಗಾರಿಕೆಗಳು ಬರುವ ಮುನ್ನ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ; ಕೋಟ್ಯಂತರ ವರ್ಷ ನೆಲದಡಿಯಿದ್ದ ಕಲ್ಲಿದ್ದಲು, ಎಣ್ಣೆಯಲ್ಲಿ ಕಾಲ ಕಳೆದಂತೆ ತಾನಾಗಿ ಕ್ಷಯಿಸುವ ಇಂಗಾಲದ ರೂಪವಾದ ಇಂಗಾಲ-14 ಉಳಿದಿರುವುದಿಲ್ಲವಾದ್ದರಿಂದ, ಅವನ್ನು ಸುಟ್ಟಷ್ಟೂ ಗಾಳಿಯಲ್ಲಿ ಅದರ ಪಾಲು ತಗ್ಗುತ್ತದೆ, ಅಳೆದವರಿಗೆ ಕಂಡದ್ದೂ ಅದೇ. ಭೂಮಿ ಬಿಸಿಯಾಗಲು ಸೂರ್ಯನ ಬಿಸಿಲು ಹೆಚ್ಚಿದ್ದೇ ಕಾರಣವಾಗಿದ್ದರೆ ವಾಯುಮಂಡಲದ ಮೇಲಿನ ಪದರವೂ ಕಾಯಬೇಕಿತ್ತು, ಅದು ತಣ್ಣಗಾಗುತ್ತಿದೆ.

ಸೆಪ್ಟೆಂಬರ್ ಕೊನೆಗೆ ಆ ಹಿರಿಯರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ಗೂಡಿನಿಂದ ಹಳೆಯ ನೋಟ್‌ಬುಕ್ ತೆಗೆದರು. ನಕ್ಷತ್ರವಾರು ಮಳೆ ಲೆಕ್ಕ: “ಆರಿದ್ರೆ, ಹದ. ಹುಬ್ಬೆ, ಹನಿ ಇಲ್ಲ.” ಅಂಥ ಲೆಕ್ಕ ಇಟ್ಟವರಿಗೆ ನಂಬಿ ಎಂದಿದ್ದೆ. ಅವರ ನಿಜವಾದ ತಕರಾರು ಬೇರೆಯೇ ಇತ್ತು. “ಹೊಗೆ ಬಿಟ್ಟೋರು ಯಾರೋ, ಸೋಲಾರ್ ಪಂಪ್‌ಸೆಟ್‌ಗೆ ವಂತಿಗೆ ಕಟ್ಟೋರು ನಾವಾ?” ಭಾರತೀಯನೊಬ್ಬನ ತಲಾ ಹೊಗೆ ಅಮೆರಿಕದವನ ಹೊಗೆಯ ಸುಮಾರು ಏಳನೆಯ ಒಂದು ಪಾಲು ಮಾತ್ರ. ಅವರ ಪ್ರಶ್ನೆ ನ್ಯಾಯವಾದದ್ದೆಂದು ಹೇಳಿ, ಆಮೇಲೆ ಗಾಳಿಯ ಲೆಕ್ಕ ಬಿಡಿಸಿಟ್ಟೆ. ಒಪ್ಪಿದೆ ಎಂದು ಅವರು ಹೇಳಲಿಲ್ಲ. 280, 420 ಎಂದು ಉತ್ತರೆ ಮಳೆಯ ಸಾಲಿನ ಕೆಳಗೆ ಬರೆದುಕೊಂಡು, ಮುಂದಿನ ವರ್ಷ ಎಷ್ಟಾಯಿತೆಂದು ಬಂದು ಹೇಳಬೇಕು ಎಂದರು.