ನಗದೆಯೇ ನಗಿಸಿದ ಬಸ್ಟರ್ ಕೀಟನ್

ಗದಗಿನಲ್ಲಿ ಕಂಪನಿ ನಾಟಕಗಳನ್ನು ನೋಡಿಯೇ ಬೆಳೆದ ನಮ್ಮ ಅಜ್ಜಿ, ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್‌ನನ್ನು ಮೊದಲ ನೋಟಕ್ಕೇ ಮೆಚ್ಚಿಕೊಂಡರು. 1895ರಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯರೊಡನೆ ರಂಗವೇರಿದ ಆತ, ಪೆಟ್ಟಾಗದಂತೆ ಬೀಳುವುದನ್ನೂ ಮುಖದಲ್ಲಿ ನಗು ತೋರದಿರುವುದನ್ನೂ ಅಲ್ಲಿಯೇ ಕಲಿತ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಬಿರುಗಾಳಿಗೆ ಮನೆಯೊಂದರ ಮುಂಗೋಡೆ ಇಡಿಯಾಗಿ ಅವನ ಮೇಲೆ ಉರುಳುತ್ತದೆ. ಮೇಲಿನ ತೆರೆದ ಕಿಟಕಿಯು ಸರಿಯಾಗಿ ಅವನು ನಿಂತ ಜಾಗಕ್ಕೇ ಬಂದು ಬೀಳುವುದರಿಂದ ಬದುಕುತ್ತಾನೆ. ಅಲ್ಲಿ ಕ್ಯಾಮೆರಾದ ಕೈಚಳಕವಿಲ್ಲ, ಗೋಡೆಯ ಭಾರ ನಿಜವಾದದ್ದು, ಕೆಲವೇ ಅಂಗುಲಗಳ ಲೆಕ್ಕ ತಪ್ಪಿದ್ದರೂ ಪ್ರಾಣ ಹೋಗುತ್ತಿತ್ತು. ಇಷ್ಟು ಕರಾರುವಾಕ್ಕಾದ ಹಾಸ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದೇ ವರ್ಷ ಕೀಟನ್ ಎಂಜಿಎಂ ಎಂಬ ಹಾಲಿವುಡ್ ಚಿತ್ರ ನಿರ್ಮಾಣ ಸಂಸ್ಥೆಯನ್ನು ಸೇರಿ, ತನ್ನ ಚಿತ್ರಗಳ ಮೇಲಿನ ಹಿಡಿತವನ್ನೇ ಕಳೆದುಕೊಂಡ. ಆದರೂ 1966ರಲ್ಲಿ ತೀರಿಕೊಳ್ಳುವ ಮುನ್ನ, 1965ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದನ್ನು ಆತ ಕಣ್ಣಾರೆ ಕಂಡ.