ಏರಿಯಿಂದ ಬೆಟ್ಟದ ಮೆಟ್ಟಿಲಿನವರೆಗೆ: ಮೈಸೂರಿನ ದಾರಿಗಳು ಮತ್ತು ಇಲ್ಲದ ಕೊಂಡಿಗಳು

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾನು ಬೆಳಗಿನ ನಡಿಗೆ ಶುರು ಮಾಡಿ ಹನ್ನೊಂದು ವರ್ಷಗಳಾದವು. ಮಂಡಿ ನೋವಿಗೆ ವೈದ್ಯರು ಹೇಳಿದರೆಂದು ಹೊರಟವಳು ನಾನು. ಈಗ ನೋವಿಲ್ಲದ ದಿನವೂ ಐದೂಮುಕ್ಕಾಲಿಗೆ ಸರಸ್ವತಿಪುರಂನ ಮನೆಯ ಗೇಟಿನ ಚಿಲಕ ತೆಗೆಯುತ್ತೇನೆ. ಕೆರೆಯನ್ನು ಒಂದು ಸುತ್ತು ಹಾಕಲು ನನ್ನ ನಡಿಗೆಗೆ ಹತ್ತಿರಹತ್ತಿರ ಒಂದು ಗಂಟೆ ಬೇಕು. ಆ ಒಂದು ಗಂಟೆಯಲ್ಲಿ ಎದುರಾಗುವವರಲ್ಲಿ ಅರ್ಧ ಜನರ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಅವರಲ್ಲಿ ಯಾರಾದರೂ ನಾಲ್ಕು ದಿನ ಕಾಣದಿದ್ದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ, ಐದನೆಯ ದಿನ ಕಂಡರೆ ಸಮಾಧಾನವಾಗುತ್ತದೆ. ಇಂಥ ಸಂಬಂಧಕ್ಕೆ ಕನ್ನಡದಲ್ಲಿ ಪರಿಚಯ, ಸ್ನೇಹ, ನೆಂಟಸ್ತನ ಎಂಬ ಯಾವ ಮಾತೂ ಸರಿಯಾಗಿ ಒಪ್ಪುವುದಿಲ್ಲವೆಂದು ನಾನು ಹಲವು ಸಲ ಯೋಚಿಸಿದ್ದೇನೆ.

ಈ ಕೆರೆಯನ್ನು 1864ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಆಗ ಅದು ಊರಾಚೆಯ ಹೊಲಗದ್ದೆಗಳಿಗೆ ನೀರುಣಿಸುವ ಕೆರೆಯಾಗಿತ್ತು. ಊರು ಬೆಳೆದು ಸುತ್ತಲೂ ಬಡಾವಣೆಗಳಾದ ಮೇಲೆ ಹೊಲಗಳು ಹೋದವು, ಏರಿ ಉಳಿಯಿತು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಕುವೆಂಪು ಅವರು ಈ ದಂಡೆಯ ಮೇಲೆ ತಿರುಗಾಡಿದ್ದನ್ನೂ, ಪಕ್ಕದ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಎಂದು ಹೆಸರಿಟ್ಟದ್ದನ್ನೂ ಮೈಸೂರಿನವರಿಗೆ ಹೇಳಬೇಕಾಗಿಲ್ಲ. ನನಗೆ ಮುಖ್ಯವೆನಿಸುವುದು ಈ ಏರಿಯ ಸ್ಥಾನ. ಒಂದು ಕಡೆ ಹುಣಸೂರು ರಸ್ತೆ, ಇನ್ನೊಂದು ಕಡೆ ಬೋಗಾದಿ ರಸ್ತೆ. ಪಡುವಾರಹಳ್ಳಿ, ಸರಸ್ವತಿಪುರಂ, ಜಯಲಕ್ಷ್ಮೀಪುರಂ, ವಿದ್ಯಾರ್ಥಿಗಳ ಹಾಸ್ಟೆಲುಗಳು ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಇಷ್ಟು ಬಗೆಯ ಜನ ಮದುವೆಯ ಛತ್ರದಲ್ಲಾಗಲಿ, ದೇವಸ್ಥಾನದಲ್ಲಾಗಲಿ, ಹೋಟೆಲಿನಲ್ಲಾಗಲಿ ಒಟ್ಟಿಗೆ ಸೇರುವುದಿಲ್ಲ. ಬೆಳಗಿನ ಹೊತ್ತು ಏರಿಯ ಮೇಲೆ ನಿವೃತ್ತ ಪ್ರಾಧ್ಯಾಪಕರು, ಕೆ.ಎ.ಎಸ್. ಪರೀಕ್ಷೆಗೆ ಓದುತ್ತಿರುವ ಹುಡುಗರು, ಕೊರಳಿಗೆ ದುರ್ಬೀನು ಹಾಕಿಕೊಂಡು ಹೆಜ್ಜಾರ್ಲೆ, ಹಾವಕ್ಕಿಗಳನ್ನು ಎಣಿಸುವವರು, ಕೈಯಲ್ಲಿ ಬುತ್ತಿಚೀಲ ಹಿಡಿದು ಮನೆಗೆಲಸಕ್ಕೆ ಹೊರಟ ಹೆಂಗಸರು, ಎಲ್ಲರೂ ಒಂದೇ ಅಗಲದ ಮಣ್ಣಿನ ದಾರಿಯಲ್ಲಿ ಒಬ್ಬರಿಗೊಬ್ಬರು ಪಕ್ಕಕ್ಕೆ ಸರಿದು ಜಾಗ ಕೊಡುತ್ತಾರೆ.

ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ಬೆಳಿಗ್ಗೆ ನಾನು ಏರಿಯ ಇಳಿಜಾರಿನಲ್ಲಿ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಊರಿದ್ದರಿಂದ ಕಣ್ಣು ಕತ್ತಲಿಟ್ಟಂತಾಯಿತು. ಮೊದಲು ಹತ್ತಿರ ಬಂದವಳು ಪಡುವಾರಹಳ್ಳಿಯಿಂದ ಮನೆಗೆಲಸಕ್ಕೆ ಹೋಗುವ ಒಬ್ಬ ಹೆಂಗಸು. ಎರಡು ವರ್ಷಗಳಿಂದ ನಾವು ದಿನವೂ ಒಬ್ಬರನ್ನೊಬ್ಬರು ದಾಟಿ ಹೋಗುತ್ತಿದ್ದರೂ ಮಾತಾಡಿದ್ದಿಲ್ಲ. "ಏಳ್ಬೇಡಿ ಅಮ್ಮಾ, ಹಂಗೇ ಕೂತ್ಕಳಿ" ಎಂದು ನನ್ನ ಬೆನ್ನಿಗೆ ತನ್ನ ಕಾಲು ಆನಿಸಿ ನಿಂತು, ಸೆರಗಿನ ತುದಿಯಿಂದ ನನ್ನ ಕೈಯ ಕೆಸರು ಒರೆಸಿದಳು. ಆಮೇಲೆ, "ನಿಮ್ಮನೆ ನೀರಿನ ಟ್ಯಾಂಕ್ ರಸ್ತೆಯಲ್ಲಲ್ವಾ, ಹಸಿರು ಗೇಟು?" ಎಂದಳು. ನನ್ನ ಮನೆ ಅವಳಿಗೆ ಗೊತ್ತಿತ್ತು. ಅವಳ ಮನೆ ನನಗೆ ಗೊತ್ತಿರಲಿಲ್ಲ. ಆ ದಿನ ಅವಳು ಕೆಲಸಕ್ಕೆ ತಡವಾದರೂ ಲೆಕ್ಕಿಸದೆ ನನ್ನನ್ನು ಆಟೋ ಹತ್ತಿಸಿ, ಜೊತೆಗೆ ಬಂದು, ಮನೆಯ ಬೆಲ್ ಒತ್ತಿದ ಮೇಲೆಯೇ ಹೊರಟಳು. ಅಂದಿನಿಂದ ಅವಳು ನನಗೆ ತಂಗಿಯ ಹಾಗೆ. ಈ ಬರಹದ ಬಹುಪಾಲು ವಿಚಾರಗಳು ಹುಟ್ಟಿದ್ದು ಅವಳ ಜೊತೆ ಆಡಿದ ಮಾತುಗಳಿಂದಲೇ.

ನಡೆಯುವ ದಾರಿ ಜನರನ್ನು ಸೇರಿಸುವುದು ಹೇಗೆ ಎಂದು ಕೇಳಿದರೆ ನನ್ನ ಉತ್ತರ ಸರಳವಾದದ್ದು: ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಮುಖ ಕಾಣುವಷ್ಟು ನಿಧಾನವಾಗಿ, ಏನನ್ನೂ ಕೊಳ್ಳುವ ಹಂಗಿಲ್ಲದೆ ಜನ ಮತ್ತೆ ಮತ್ತೆ ಎದುರಾಗುತ್ತಾರೆ. ಕಾರಿನ ಗಾಜಿನ ಹಿಂದೆ ಕೂತವರಿಗೆ ಈ ಭಾಗ್ಯವಿಲ್ಲ. ಇನ್ನೊಂದು ಪ್ರಯೋಜನ ಕೆರೆಗೇ ಸಲ್ಲುತ್ತದೆ. ಕೊಳಚೆ ನೀರು ಒಳಗೆ ಬಂದರೆ, ಮೀನು ಸತ್ತು ತೇಲಿದರೆ, ಯಾರೋ ಕಟ್ಟಡದ ಅವಶೇಷ ಸುರಿದು ಹೋದರೆ, ಅದು ಮೊದಲು ಕಣ್ಣಿಗೆ ಬೀಳುವುದು ದಿನವೂ ಅಲ್ಲಿ ನಡೆಯುವವರಿಗೆ. ಅವರು ದನಿ ಎತ್ತುತ್ತಾರೆ, ಪತ್ರಿಕೆಗೆ ಬರೆಯುತ್ತಾರೆ, ಅರ್ಜಿ ಹಾಕುತ್ತಾರೆ. ಬೇಲಿ ಹಾಕಿ ಬೀಗ ಜಡಿದ ಕೆರೆಗಿಂತ ಜನ ಸುತ್ತುವ ಕೆರೆ ಹೆಚ್ಚು ಸುರಕ್ಷಿತವೆಂದು ನಾನು ದೃಢವಾಗಿ ನಂಬಿದ್ದೇನೆ.

ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಕತೆ ಇದಕ್ಕಿಂತ ಹಳೆಯದು. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಆದ ದಾರಿ ಅದು. ನಡುವೆ ಕೂತಿರುವ ಏಕಶಿಲೆಯ ನಂದಿಯೂ ಅವರ ಕಾಲದ್ದೇ. ಸಾವಿರ ಮೆಟ್ಟಿಲು ಎಂದು ಜನ ಲೆಕ್ಕ ಹಿಡಿಯುತ್ತಾರೆ. ಅಲ್ಲಿ ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಸಿನ, ಕುಂಕುಮ ಇಡುತ್ತಾ ಹತ್ತುವುದನ್ನು ನೀವು ನೋಡಿರಬಹುದು. ಹತ್ತಿರದಿಂದ ನೋಡಿದರೆ ಅದು ಎಷ್ಟು ಕಷ್ಟದ ಕೆಲಸವೆಂದು ತಿಳಿಯುತ್ತದೆ. ಬಗ್ಗಿ, ಬಟ್ಟಲಿನಲ್ಲಿ ಕಲಸಿದ ಅರಿಸಿನವನ್ನು ಬೆರಳಿಗೆ ತೆಗೆದು ಕಲ್ಲಿನ ಅಂಚಿಗೆ ಹಚ್ಚಿ, ಅದರ ಮೇಲೆ ಕುಂಕುಮದ ಬೊಟ್ಟು ಇಟ್ಟು, ಸೊಂಟ ನೆಟ್ಟಗೆ ಮಾಡಿ, ಮುಂದಿನ ಮೆಟ್ಟಿಲಿಗೆ ಮತ್ತೆ ಬಗ್ಗಬೇಕು. ಒಂದು ಆಷಾಢದಲ್ಲಿ ಸುಮಾರು ಮುನ್ನೂರು ಮೆಟ್ಟಿಲು ದಾಟಿದ್ದ ಒಬ್ಬಾಕೆ ಉಸಿರು ಬಿಡಲು ನಿಂತಿದ್ದರು. ಹಿಂದಿನಿಂದ ಬಂದ ಕಾಲೇಜು ಹುಡುಗಿ, ಅವರ ಗುರುತೇ ಇಲ್ಲದವಳು, "ಬಟ್ಟಲು ಕೊಡಿ ಅಕ್ಕ, ನಾನ್ ಹಿಡ್ಕತೀನಿ, ನೀವು ಇಡ್ತಾ ಬನ್ನಿ" ಎಂದು ಕೈ ಚಾಚಿದಳು. ಮೆಟ್ಟಿಲ ಬದಿಯಲ್ಲಿ ಉಪ್ಪು ಖಾರ ಹಚ್ಚಿದ ಸೌತೆಕಾಯಿ ಹೋಳು, ಮಜ್ಜಿಗೆ ಮಾರುವವರ ದಿನದ ದುಡಿಮೆಯೂ ನಡೆದು ಬರುವವರನ್ನೇ ನಂಬಿಕೊಂಡಿದೆ. ವಾಹನದಲ್ಲಿ ನೇರವಾಗಿ ಮೇಲೆ ಹೋಗುವವರು ಇವರನ್ನು ಕಾಣುವುದೇ ಇಲ್ಲ.

2021ರ ಕೊನೆಯ ಭಾರಿ ಮಳೆಗೆ ಬೆಟ್ಟದಲ್ಲಿ ನಂದಿಯ ಕಡೆಗೆ ಹೋಗುವ ರಸ್ತೆ ಕುಸಿದು ಅಲ್ಲಿ ವಾಹನ ಸಂಚಾರ ನಿಂತಿತು. ಕುಸಿತ ಬೆಟ್ಟದ ಮಣ್ಣಿನ ಮೇಲೆ ನಾವು ಹೇರಿರುವ ಭಾರದ ಎಚ್ಚರಿಕೆಯಾಗಿತ್ತು, ಅದರಲ್ಲಿ ಸಂತೋಷಪಡುವಂಥದ್ದು ಏನೂ ಇಲ್ಲ. ಆದರೂ ಹಾರ್ನಿನ ಸದ್ದಿಲ್ಲದ ಬೆಟ್ಟದಲ್ಲಿ ಹಕ್ಕಿಯ ಕೂಗು ಎಷ್ಟು ದೂರದಿಂದ ಕೇಳಿಸುತ್ತದೆ ಎಂಬುದು ನನಗೆ ಆಗ ತಿಳಿಯಿತು. ಆಷಾಢ ಶುಕ್ರವಾರಗಳಂದು ಖಾಸಗಿ ವಾಹನಗಳನ್ನು ಕೆಳಗೇ ತಡೆದು ಬಸ್ಸಿನಲ್ಲಿ ಜನರನ್ನು ಕರೆದೊಯ್ಯುವ ಏರ್ಪಾಡು ಹಲವು ವರ್ಷಗಳಿಂದ ನಡೆದಿದೆ. ವರ್ಷಕ್ಕೆ ನಾಲ್ಕೈದು ದಿನ ಆಗುವುದು ವಾರಕ್ಕೆ ಒಂದು ಬೆಳಿಗ್ಗೆಯಾದರೂ ಆಗಬಾರದೇಕೆ?

ಸೈಕಲ್ಲಿನ ವಿಷಯಕ್ಕೆ ಬಂದರೆ ನನಗೆ ನೆನಪಾಗುವುದು ನಮ್ಮ ಅಪ್ಪ. ಅವರು ಅಶೋಕಪುರಂನಲ್ಲಿ 1924ರಿಂದ ಇರುವ ರೈಲ್ವೆ ಕಾರ್ಯಾಗಾರದಲ್ಲಿ ಕೆಲಸಕ್ಕಿದ್ದರು. ಪ್ಯಾಂಟಿನ ತುದಿಗೆ ಕ್ಲಿಪ್ ಸಿಕ್ಕಿಸಿ, ಕ್ಯಾರಿಯರಿಗೆ ಊಟದ ಡಬ್ಬಿ ಕಟ್ಟಿ ಹೊರಡುತ್ತಿದ್ದರು. ಸಂಜೆ ಕೆಲಸ ಬಿಟ್ಟಾಗ ಹೊರಗೆ ಬರುತ್ತಿದ್ದ ಸೈಕಲ್ಲುಗಳ ಸಾಲು ರಸ್ತೆ ತುಂಬುತ್ತಿತ್ತು. ಸವಾರರು ಇಬ್ಬಿಬ್ಬರು ಮೂವರು ಜೊತೆಯಾಗಿ ಮಾತಾಡಿಕೊಂಡೇ ಮನೆ ಸೇರುತ್ತಿದ್ದರು. ಯಾರ ಮನೆಯಲ್ಲಿ ಮಗುವಿಗೆ ಜ್ವರ, ಯಾರ ತಂಗಿಗೆ ಗಂಡು ನೋಡುತ್ತಿದ್ದಾರೆ ಎಂಬುದೆಲ್ಲ ಅಪ್ಪನಿಗೆ ಗೊತ್ತಾಗುತ್ತಿದ್ದದ್ದು ಆ ದಾರಿಯಲ್ಲೇ. ಆಗ ಪ್ರತ್ಯೇಕ ಸೈಕಲ್ ಪಥ ಬೇಕಾಗಿರಲಿಲ್ಲ, ಏಕೆಂದರೆ ರಸ್ತೆಯೇ ಸೈಕಲ್ಲಿನದಾಗಿತ್ತು.

2017ರ ಜೂನ್ 4ರಂದು ಟ್ರಿಣ್ ಟ್ರಿಣ್ ಬಂದಾಗ ನಾನು ತುಂಬಾ ಸಂತೋಷಪಟ್ಟೆ. ನಗರದುದ್ದಕ್ಕೂ 48 ನಿಲ್ದಾಣ, 450 ಸೈಕಲ್. ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡಬಹುದಾದ ಸಾರ್ವಜನಿಕ ಬೈಸಿಕಲ್ ಸೇವೆಯಲ್ಲಿ ಮೈಸೂರು ದೇಶದಲ್ಲೇ ಮೊದಲನೆಯದೆಂದು ಹೆಸರಾಯಿತು. ಅದಕ್ಕೂ ಮೊದಲು, 2006-07ರಿಂದ, ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತ್ತು. ಏಳನೇ ತರಗತಿಗೆ ಓದು ನಿಲ್ಲಿಸಬೇಕಾಗಿದ್ದ ಎಷ್ಟೋ ಹಳ್ಳಿಯ ಹೆಣ್ಣುಮಕ್ಕಳಿಗೆ ಪಕ್ಕದ ಊರಿನ ಹೈಸ್ಕೂಲನ್ನು ಹತ್ತಿರ ಮಾಡಿದ್ದು ಆ ಸೈಕಲ್. ಎರಡೂ ಒಳ್ಳೆಯ ಕೆಲಸಗಳು. ಆದರೆ ಸೈಕಲ್ ಕೊಟ್ಟಷ್ಟು ಸುಲಭವಾಗಿ ದಾರಿ ಕೊಡಲು ಬರುವುದಿಲ್ಲ. ಏರಿಯ ಮೇಲೆ ನನ್ನನ್ನು ಎತ್ತಿದವಳ ಮಗಳಿಗೂ ಶಾಲೆಯಿಂದ ಸೈಕಲ್ ಬಂದಿತ್ತು. ಮೊದಲ ತಿಂಗಳಲ್ಲೇ ಒಂದು ಬಸ್ಸು ಅವಳ ಹ್ಯಾಂಡಲ್ ಸವರಿಕೊಂಡು ಹೋಯಿತು. ಹುಡುಗಿಗೆ ಏನೂ ಆಗಲಿಲ್ಲ, ಆದರೆ ಸೈಕಲ್ ಮನೆಯ ಮೆಟ್ಟಿಲ ಕೆಳಗೆ ಸೇರಿತು. "ಓಡ್ಸೋಕೆ ಬರುತ್ತೆ ಅಮ್ಮಾ, ಹೋಗೋಕೆ ಜಾಗ ಎಲ್ಲೈತೆ?" ಎಂದು ತಾಯಿ ನನ್ನನ್ನು ಕೇಳಿದಳು.

ಈ ಪ್ರಶ್ನೆಯೇ ನನ್ನ ಈ ಬರಹಕ್ಕೆ ಕಾರಣ. ಮೈಸೂರಿನಲ್ಲಿ ಒಳ್ಳೆಯ ದಾರಿಗಳಿವೆ: ಕುಕ್ಕರಹಳ್ಳಿಯ ಏರಿ, ಮಾನಸಗಂಗೋತ್ರಿಯ ನೆರಳಿನ ರಸ್ತೆಗಳು, ಬೆಟ್ಟದ ಮೆಟ್ಟಿಲು, ಲಿಂಗಾಂಬುಧಿ ಕೆರೆಯ ಸುತ್ತಿನ ಕಾಲುದಾರಿ. ಆದರೆ ಒಂದರಿಂದ ಇನ್ನೊಂದಕ್ಕೆ ನಡೆದು ಅಥವಾ ಸೈಕಲ್ ತುಳಿದು ನೆಮ್ಮದಿಯಿಂದ ಹೋಗಲಾಗುವುದಿಲ್ಲ. ಪ್ರತಿಯೊಂದೂ ಒಂದು ದ್ವೀಪದಂತಿದೆ. ನಡೆಯುವುದಕ್ಕೆಂದು ಸ್ಕೂಟರ್ ಹತ್ತಿ ಕೆರೆಯವರೆಗೆ ಹೋಗಿ, ನಡೆದು, ಮತ್ತೆ ಸ್ಕೂಟರಿನಲ್ಲಿ ಮನೆಗೆ ಬರುವವರೇ ನಮ್ಮಲ್ಲಿ ಹೆಚ್ಚು. ಹೀಗಿರುವಾಗ ದಾರಿಯ ಲಾಭ ಆರೋಗ್ಯಕ್ಕೆ ಮಾತ್ರ ಸಿಗುತ್ತದೆ. ಶಾಲೆಗೆ, ಕೆಲಸಕ್ಕೆ, ಸಂತೆಗೆ, ನೆಂಟರ ಮನೆಗೆ ಹೋಗುವುದಕ್ಕೆ ಸಿಗುವುದಿಲ್ಲ. ಕುಕ್ಕರಹಳ್ಳಿಗೂ ಲಿಂಗಾಂಬುಧಿಗೂ ನಡುವೆ ನಾಲ್ಕೈದು ಕಿಲೋಮೀಟರ್ ಅಂತರವಷ್ಟೇ. ಅವಸರವಿಲ್ಲದೆ ತುಳಿದರೂ ಸೈಕಲ್ಲಿಗೆ ಇಪ್ಪತ್ತು ನಿಮಿಷದ ದಾರಿ.

ಇದಕ್ಕೆ ದೊಡ್ಡ ಸೇತುವೆ, ಮೇಲ್ಸೇತುವೆಗಳು ಬೇಕಿಲ್ಲ. ಒಡೆಯದ ಚರಂಡಿ ಚಪ್ಪಡಿ, ಒಂದೇ ಮಟ್ಟದಲ್ಲಿ ಸಾಗುವ ಫುಟ್‌ಪಾತ್, ದೊಡ್ಡ ರಸ್ತೆ ದಾಟುವ ಕಡೆ ವಾಹನ ನಿಧಾನವಾಗಲೇಬೇಕಾದಂಥ ಉಬ್ಬು, ಸಂಜೆ ಆರರ ಮೇಲೆ ಹೆಣ್ಣುಮಕ್ಕಳಿಗೆ ಧೈರ್ಯ ಕೊಡುವಷ್ಟು ಬೆಳಕು, ಬೇಸಿಗೆಗೆ ಹೊಂಗೆಯ ನೆರಳು ಇದ್ದರೆ ಸಾಕು. ಇನ್ನೊಂದು ಸಾಧ್ಯತೆ ನಮ್ಮ ಮನೆಗಳ ಹಿಂದೆಯೇ ಇದೆ. ಪ್ಲೇಗಿನ ಹಾವಳಿಯ ನಂತರ, 1903ರಲ್ಲಿ, ಮೈಸೂರಿನಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ರಚನೆಯಾಯಿತು. ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂಭಾಗದಲ್ಲಿ ಗಾಳಿ, ಬೆಳಕು, ಶುಚಿತ್ವಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು ಈಗಲೂ ಇವೆ. ಇವತ್ತು ಅವುಗಳಲ್ಲಿ ಹೆಚ್ಚಿನವು ಕಸ, ಮುರಿದ ಕಮೋಡು, ಹಳೆಯ ಬಾಗಿಲುಗಳ ಜಾಗವಾಗಿವೆ. ಕಾರು ನುಗ್ಗಲಾಗದ, ಮಕ್ಕಳು ಹೆದರದೆ ಹೋಗಬಹುದಾದ ಇಷ್ಟು ಗಲ್ಲಿಗಳು ಎಷ್ಟು ಊರುಗಳಿಗೆ ಇವೆ? ನಾಲ್ಕು ಗಲ್ಲಿಗಳನ್ನು ಗುಡಿಸಿ, ಕಲ್ಲು ಹಾಸಿ, ದೀಪ ಹಾಕಿ, ಒಂದಕ್ಕೊಂದು ಕೂಡಿಸಿದರೆ ಒಂದು ಬಡಾವಣೆಯ ಮಕ್ಕಳು ಮುಖ್ಯರಸ್ತೆ ಮುಟ್ಟದೆ ಶಾಲೆ ಸೇರಬಹುದು. ಹಿತ್ತಿಲ ಬಾಗಿಲು ತೆರೆದರೆ ಜನ ಓಡಾಡುವುದು ಕಂಡರೆ ಅಲ್ಲಿ ಕಸ ಎಸೆಯುವ ಕೈಯೂ ಹಿಂಜರಿಯುತ್ತದೆ. ಏರಿಯ ಮೇಲೆ ನಾನು ಕಂಡದ್ದು ಅದನ್ನೇ.

ಫುಟ್‌ಪಾತ್ ಎಂದರೆ ಅಲ್ಲಿರುವ ಹೂವಿನವರನ್ನೂ ಹಣ್ಣಿನ ಗಾಡಿಯವರನ್ನೂ ಎಬ್ಬಿಸುವುದೆಂದು ಕೆಲವರು ತಿಳಿಯುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಮುಂಜಾನೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ಅಜ್ಜಿ ಇರುವ ಮೂಲೆಯಲ್ಲಿ ನಾನು ಕತ್ತಲಲ್ಲೂ ಹೆದರದೆ ನಡೆಯುತ್ತೇನೆ. ಅವರಿಗೂ ಜಾಗವಿಟ್ಟೇ ಅಗಲ ಲೆಕ್ಕ ಹಾಕಬೇಕು.

ಕಳೆದ ತಿಂಗಳು ಒಂದು ಭಾನುವಾರ ನಾವು ಮೂವರು, ಆ ತಾಯಿ, ಮಗಳು, ನಾನು, ಕುಕ್ಕರಹಳ್ಳಿಯಿಂದ ಲಿಂಗಾಂಬುಧಿಯವರೆಗೆ ಹೋಗಿ ನೋಡೋಣವೆಂದು ಹೊರಟೆವು. ಮಗಳು ಈಗ ಪದವಿ ಕಾಲೇಜಿನಲ್ಲಿದ್ದಾಳೆ. ಮೆಟ್ಟಿಲ ಕೆಳಗಿದ್ದ ಸೈಕಲ್ಲಿಗೆ ಟ್ಯೂಬ್ ಬದಲಾಯಿಸಿ, ಚೈನಿಗೆ ಎಣ್ಣೆ ಬಿಟ್ಟು ತಂದಿದ್ದಳು. ದಾರಿಯಲ್ಲಿ ಅವಳು ಎಷ್ಟು ಸಲ ಇಳಿದು ತಳ್ಳಬೇಕಾಗುತ್ತದೆಂದು ಎಣಿಸುವುದು ನನ್ನ ಕೆಲಸ. ಹದಿನಾಲ್ಕು ಸಲ ಇಳಿದಳು: ಕೆಲವು ಕಡೆ ನಿಲ್ಲಿಸಿದ್ದ ಕಾರು, ಕೆಲವು ಕಡೆ ಅಗೆದು ಬಿಟ್ಟ ಗುಂಡಿ, ಮೂರು ಕಡೆ ದಾಟಲಾಗದ ರಸ್ತೆ. ನನ್ನ ಮಂಡಿಯೂ ಎರಡು ಕಡೆ ಕೂತು ಸುಧಾರಿಸಿಕೊಳ್ಳುವಂತೆ ಮಾಡಿತು. ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆಂದು ಮುಮ್ಮಡಿಯವರು ಕಟ್ಟಿಸಿದ ಆ ಕೆರೆಯ ಬಳಿ ಬರುವ ಹೊತ್ತಿಗೆ ಬಿಸಿಲು ಏರಿತ್ತು. ತಾಯಿ ಹುಟ್ಟಿ ಬೆಳೆದದ್ದು ಮೈಸೂರಿನಲ್ಲೇ ಆದರೂ ಈ ಕೆರೆಯನ್ನು ಕಂಡದ್ದು ಅದೇ ಮೊದಲು. ನೀರಿನಂಚಿನಲ್ಲಿ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿದ್ದ ನೀರುಕಾಗೆಗಳನ್ನು ಅವಳು ಬಹಳ ಹೊತ್ತು ನೋಡುತ್ತಾ ನಿಂತಳು. ಗೇಟಿನ ಹೊರಗಿನ ರಸ್ತೆಯಲ್ಲಿ ಆ ಹೊತ್ತಿಗೆ ಒಂದೂ ವಾಹನವಿರಲಿಲ್ಲ. ಮಗಳು ಸೈಕಲ್ ಹತ್ತಿ ತಿರುವಿನವರೆಗೆ ಹೋಗಿ ಬಂದಳು. ಬಂದವಳು ಇಳಿಯದೆ ತಿರುಗಿಸಿಕೊಂಡು ಮತ್ತೆ ಹೋದಳು.