17ನೇ ಇಲಿ

ಅವತ್ತು ಬೆಳಗ್ಗೆ 17ನೇ ನಂಬರಿನ ಇಲಿಯ ಚಿತ್ರ ಪರದೆ ಮೇಲೆ ಬಂದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಕಪ್ಪು ಬಿಳುಪಿನ ಫೋಟೊ, ಇಲಿಯ ಮೈಮೇಲೆ ಒಂದು ಚುಕ್ಕೆ ಬಣ್ಣವೂ ಇಲ್ಲ. ಅದು ನಾವು ಔಷಧಿ ಕೊಡುತ್ತಿದ್ದ ಗುಂಪಿನ ಇಲಿ. ಔಷಧಿ ಕೆಲಸ ಮಾಡಿತು ಅಂದುಕೊಂಡೆ. ನೋಟ್‌ಬುಕ್ಕಿನಲ್ಲಿ 'ಬೆಳಕಿಲ್ಲ' ಅಂತ ಬರೆದೂಬಿಟ್ಟೆ.

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನಾನು ಪಿಎಚ್‌ಡಿ ಮಾಡುತ್ತಿದ್ದ ದಿನಗಳು ಅವು. ಸ್ತನದ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡುವುದನ್ನು ಎಷ್ಟು ಬೇಗ ಹಿಡಿಯಬಹುದು, ಹರಡದಂತೆ ತಡೆಯಬಹುದಾ ಅನ್ನುವುದೇ ನಮ್ಮ ಕೆಲಸ. ಇಲಿಗೆ ಹಾಕುವ ಕ್ಯಾನ್ಸರ್ ಕೋಶಗಳಿಗೆ ಮೊದಲೇ ಮಿಣುಕುಹುಳದ ಒಂದು ಜೀನ್ ಸೇರಿಸಿರುತ್ತೇವೆ. ಆ ಕೋಶಗಳು ಲೂಸಿಫರೇಸ್ ಎಂಬ ಕಿಣ್ವ ತಯಾರಿಸುತ್ತವೆ. ಆ ಕಿಣ್ವ ಬೆಳಕು ಹುಟ್ಟಿಸಲು ಬಳಸುವ ವಸ್ತು ಲೂಸಿಫೆರಿನ್. ಅದನ್ನು ಇಲಿಯ ಹೊಟ್ಟೆಗೆ ಚುಚ್ಚಿದರೆ ಅದು ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತುತ್ತದೆ. ಕ್ಯಾನ್ಸರ್ ಕೋಶ ಎಲ್ಲಿದೆಯೋ ಅಲ್ಲಿ ಬೆಳಕು ಹುಟ್ಟುತ್ತದೆ. ಅದಕ್ಕೆ ಆಮ್ಲಜನಕ ಬೇಕು, ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣುವೂ ಬೇಕು. ಹಾಗಾಗಿ ಸತ್ತ ಕೋಶ ಮಿನುಗುವುದಿಲ್ಲ. ಕ್ಯಾಮೆರಾ ಹಿಡಿದ ಆ ಬೆಳಕನ್ನು ಕಂಪ್ಯೂಟರ್ ಇಲಿಯ ಕಪ್ಪು ಬಿಳುಪಿನ ಫೋಟೊ ಮೇಲೆ ಬಣ್ಣವಾಗಿ ತೋರಿಸುತ್ತದೆ, ಬೆಳಕು ಜಾಸ್ತಿ ಇದ್ದಲ್ಲಿ ಕೆಂಪು.

ನಾನು ತೀರ್ಥಹಳ್ಳಿ ಕಡೆಯವಳು. ಮಳೆಗಾಲ ಹಿಡಿಯುವ ಮುಂಚೆ ಮರದ ತುಂಬ ಮಿಣುಕುಹುಳ ನೋಡಿಕೊಂಡೇ ಬೆಳೆದವಳು. ಬಾಟಲಿಯಲ್ಲಿ ಹಿಡಿದು ಹಾಸಿಗೆ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದೆವು. 1940ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ವಿಲಿಯಂ ಮೆಕೆಲ್ರಾಯ್ ಎಂಬ ವಿಜ್ಞಾನಿ ಊರಿನ ಮಕ್ಕಳಿಗೆ ಕಾಸು ಕೊಟ್ಟು ಇಂಥ ಹುಳಗಳನ್ನು ಹಿಡಿಸುತ್ತಿದ್ದರಂತೆ. ಹುಳ ಮಿನುಗಲು ಎಟಿಪಿ ಬೇಕು ಅಂತ ತೋರಿಸಿದವರು ಅವರೇ. ಮುಂದೆ 1995ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕ್ರಿಸ್ಟೋಫರ್ ಕಾಂಟಾಗ್ ಮತ್ತು ಜೊತೆಯವರು ಜೀವಂತ ಇಲಿಯೊಳಗೆ ಬೆಳಗುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಹೊರಗಿನಿಂದಲೇ ಕ್ಯಾಮೆರಾದಲ್ಲಿ ಕಂಡರು. ಅದಕ್ಕೂ ಮುಂಚೆ ರೋಗ ಎಲ್ಲಿಗೆ ಬಂದಿದೆ ಅಂತ ತಿಳಿಯಲು ಪ್ರತಿ ಹಂತದಲ್ಲೂ ಒಂದಷ್ಟು ಇಲಿಗಳನ್ನು ಕೊಂದು ಕೊಯ್ದು ನೋಡಬೇಕಿತ್ತು. ಈಗ ಒಂದೇ ಇಲಿಯನ್ನು ವಾರ ವಾರ ನೋಡಬಹುದು. ಈ ಕೆಲಸದಲ್ಲಿ ನನ್ನ ಮನಸ್ಸು ನಿಂತಿದ್ದೇ ಈ ಕಾರಣಕ್ಕೆ.

ಆ ಬೆಳಗ್ಗೆ ಇಲಿಮನೆ ನೋಡಿಕೊಳ್ಳುವ ಅಣ್ಣ 17ನೇದನ್ನು ಪಂಜರಕ್ಕೆ ಬಿಡುವಾಗ ಸುಮ್ನೆ ಅದರ ಹೊಟ್ಟೆ ಕೆಳಗೆ ಬೆರಳಾಡಿಸಿದರು.

"ಮೇಡಂ, ಗಂಟು ಕೈಗೆ ಹಂಗೇ ಸಿಕ್ತಿದೆ. ಹೋದ ವಾರ ಕೆಂಪಗೆ ಉರೀತಿತ್ತಲ್ವಾ? ಇವತ್ತು ಬೆಳಕೆಲ್ಲಿ ಹೋಯ್ತು?"

ನಾನೂ ಮುಟ್ಟಿ ನೋಡಿದೆ. ಮೊಲೆಯ ಹತ್ತಿರ, ನಾವೇ ಕೋಶ ಹಾಕಿದ ಜಾಗದಲ್ಲಿ, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡ ಗಂಟು. ಗಟ್ಟಿಯಾಗಿ, ಇದ್ದಲ್ಲೇ ಇತ್ತು. ಔಷಧಿ ಎಷ್ಟೇ ಒಳ್ಳೆಯದಾದರೂ ಗಂಟು ಹಾಗೇ ಇದ್ದು ಬೆಳಕು ಮಾತ್ರ ಇಷ್ಟು ಪೂರ್ತಿ ಆರಿಹೋಗುವುದುಂಟಾ? ಮೈ ತಣ್ಣಗಾಯಿತು. ನನ್ನ ಸೂಜಿ ತಪ್ಪಿತ್ತು. ಹೊಟ್ಟೆಯೊಳಗೆ ಕರುಳಿನ ಸುತ್ತಲಿನ ಖಾಲಿ ಜಾಗಕ್ಕೆ ಹೋಗಬೇಕಿದ್ದ ಲೂಸಿಫೆರಿನ್ ಕರುಳಿನೊಳಗೆ ಹೋಗಿರಬೇಕು. ಹಾಗೆ ಆದರೆ ಬೆಳಕು ತೀರಾ ಕಡಿಮೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಹೊಸಬರ ಕೈಯಲ್ಲಿ ಇದು ಆಗುತ್ತಲೇ ಇರುತ್ತದೆ. ಆದರೆ ಗಮನಿಸದೆ ಬಿಟ್ಟರೆ ರೋಗ ಇರುವ ಇಲಿ ಗುಣವಾದ ಇಲಿ ಅಂತ ಲೆಕ್ಕಕ್ಕೆ ಸೇರುತ್ತದೆ. ನಾನು ಸೇರಿಸಿಯೇ ಬಿಟ್ಟಿದ್ದೆ.

ಮಾರನೇ ದಿನ ಮತ್ತೆ ಮಾಡಿದೆವು. ಸೀನಿಯರ್ ಅಕ್ಕ ಪಕ್ಕದಲ್ಲೇ ನಿಂತಿದ್ದರು. "ತಲೆ ಸ್ವಲ್ಪ ಕೆಳಗೆ ಬಾಗಿಸಿ ಹಿಡಿ, ಕರುಳು ಮುಂದಕ್ಕೆ ಜಾರಲಿ. ಆಮೇಲೆ ಬಲಗಡೆ ಕೆಳಗೆ ಚುಚ್ಚು" ಅಂದರು. ಬೆಳಕಿಗೆ ಕೆಡದಂತೆ ಫಾಯಿಲ್ ಸುತ್ತಿಟ್ಟಿದ್ದ ತಿಳಿ ಹಳದಿ ದ್ರಾವಣ. ಚುಚ್ಚಿ ಹತ್ತು ನಿಮಿಷ ಕಾದೆವು. ಐಸೋಫ್ಲುರೇನ್ ಎಂಬ ಅರಿವಳಿಕೆ ಉಸಿರಾಡಿ ಇಲಿ ಮಲಗಿತು. ಬೆಚ್ಚಗಿನ ತಟ್ಟೆಯ ಮೇಲೆ ಅಂಗಾತ ಮಲಗಿಸಿ ಪೆಟ್ಟಿಗೆಯ ಬಾಗಿಲು ಹಾಕಿದೆ. ಒಳಗೆ ಗವ್ವೆನ್ನುವ ಕತ್ತಲು. ಮೇಲೆ ಸೊನ್ನೆಗಿಂತ 90 ಡಿಗ್ರಿ ಕೆಳಗೆ ತಣ್ಣಗಿಟ್ಟ ಕ್ಯಾಮೆರಾ.

ಗಂಟು ಕೆಂಪಗೆ ಎದ್ದು ಬಂತು. ಅದರ ಬೆಳಕು ಜಾಸ್ತಿಯಾದಾಗ ಎದೆಯ ಕಡೆ ಏನಿದ್ದರೂ ಮುಚ್ಚಿಹೋಗುತ್ತದೆ. ಅದಕ್ಕೇ ಹೊಟ್ಟೆಯ ಮೇಲೆ ಕರಿ ಕಾಗದ ಮುಚ್ಚಿ ಎದೆಯನ್ನಷ್ಟೇ ಬಿಟ್ಟೆವು. ಐದು ನಿಮಿಷದ ಎಕ್ಸ್‌ಪೋಷರ್ ಕೊಟ್ಟೆ. ಆ ಐದು ನಿಮಿಷ ಯಾರೂ ಮಾತಾಡಲಿಲ್ಲ.

ಬಲಗಡೆ ಪಕ್ಕೆಲುಬಿನ ಮೇಲೆ ಒಂದು ನೀಲಿ ಚುಕ್ಕೆ ಬಂತು. ನಮ್ಮ ಬಣ್ಣದ ಪಟ್ಟಿಯಲ್ಲಿ ನೀಲಿ ಅಂದರೆ ತೀರಾ ಕಡಿಮೆ ಬೆಳಕು. ಸಾಸಿವೆ ಕಾಳಿನಷ್ಟೂ ಇಲ್ಲ. ಕಾಗದ ಸರಿಮಾಡಿ ಇನ್ನೊಮ್ಮೆ ತೆಗೆದೆವು. ಅಲ್ಲೇ ಇತ್ತು. ಈ ಇಲಿ ಹಿಂದಿನ ರಾತ್ರಿ ಚೆನ್ನಾಗಿ ತಿಂದಿತ್ತು, ತೂಕ ಇಳಿದಿರಲಿಲ್ಲ, ಉಸಿರಾಟವೂ ಸರಿಯಾಗಿತ್ತು. ಎದೆಯಲ್ಲಿ ಕಣ್ಣಿಗೆ, ಕೈಗೆ ಏನೂ ಸಿಗದ ಹೊತ್ತಿನಲ್ಲಿ ರೋಗ ಶ್ವಾಸಕೋಶಕ್ಕೆ ಕಾಲಿಟ್ಟಾಗಿತ್ತು.

ಸಂಜೆ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಹಾಗಾದ್ರೆ ಮನುಷ್ಯರಿಗೂ ಹೀಗೆ ನೋಡಬಹುದಲ್ಲ ಮಗಾ?" ಅಂದಳು. ಚಿಕ್ಕಮ್ಮನಿಗೆ ತಿಳಿದಾಗ ತಡವಾಗಿತ್ತು, ಅದನ್ನು ನೆನೆಸಿಕೊಂಡೇ ಕೇಳಿದ್ದು. ಇಲ್ಲಮ್ಮ, ನಮ್ಮ ಕೋಶಗಳಲ್ಲಿ ಮಿಣುಕುಹುಳದ ಜೀನ್ ಇರುವುದಿಲ್ಲ, ನಮ್ಮ ಮೈ ದಪ್ಪ, ಬೆಳಕು ಹೊರಗೆ ಬರುವುದೂ ಇಲ್ಲ ಅಂದೆ. ಇಲಿಯಲ್ಲಿ ಇಷ್ಟು ಬೇಗ ಕಂಡರೆ ಯಾವ ಔಷಧಿ ಯಾವಾಗ ಕೊಡಬೇಕು ಅಂತ ಕಲಿಯಬಹುದು, ಅಷ್ಟೇ. ಅವಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಇಲಿಗೆ ನೋವಾಗಲ್ವಾ?" ಅಂದಳು. ಉಸಿರಾಟ ಕಷ್ಟವಾಗುವ ಮುಂಚೆಯೇ ಅದನ್ನು ನೋವಿಲ್ಲದೆ ಮಲಗಿಸಬೇಕು ಅಂತ ಎಥಿಕ್ಸ್ ಕಮಿಟಿಗೆ ಬರೆದುಕೊಟ್ಟಿದ್ದೇವೆ ಅಂದೆ. ಅದು ಯಾವಾಗ ಅಂತ ಮೊದಲೇ ತಿಳಿಯಲು ಆ ನೀಲಿ ಚುಕ್ಕೆಯೇ ಬೇಕಿತ್ತು.

ನೋಟ್‌ಬುಕ್ಕಿನಲ್ಲಿ 'ಬೆಳಕಿಲ್ಲ' ಅನ್ನುವುದರ ಮೇಲೆ ಒಂದೇ ಗೆರೆ ಎಳೆದೆ. ಹಳೆಯದು ಓದಲು ಕಾಣುವಂತೆಯೇ ಬಿಟ್ಟು, ಪಕ್ಕದಲ್ಲಿ ತಾರೀಖು ಹಾಕಿ ಸಹಿ ಮಾಡಿದೆ. ಇಲಿಮನೆಗೆ ಹೋದಾಗ 17ನೇದು ಎಚ್ಚರವಾಗಿ ಮುಂಗಾಲಿನಿಂದ ಮುಖ ತಿಕ್ಕಿಕೊಳ್ಳುತ್ತಿತ್ತು. ಅಣ್ಣ ಅದರ ಪಂಜರಕ್ಕೆ ಹೊಸ ಕಾಗದದ ಚೂರು ಹಾಕುತ್ತಿದ್ದರು, ಗೂಡು ಕಟ್ಟಿಕೊಳ್ಳಲಿ ಅಂತ.